ಒಳಾಂಗಣ ಯಾರದ್ದು?

ಗೆಳೆಯರೆ, ಪೋಸ್ಟ್ ಉದ್ದ ಇದೆ. ಆಫೀಸ್ ಮುಗಿಸಿ ಬಂದು ಮೂರು ಸಂಜೆ ಕೂತು ಬರೆದಿದ್ದೀನಿ. ಪುರುಸೊತ್ತಾದಾಗ ಓದಿ, ಆದರೆ ಕೊನೆತನಕ ಓದಿ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಹೋದ ಭಾನುವಾರ ಬೆಳಗ್ಗಿನಿಂದಲೂ ಮಳೆ. ನನ್ನ ಚಿಕ್ಕ ಮಗಳ ಜೊತೆ ಓದೋ ಹುಡುಗಿಯ ಹುಟ್ಟುಹಬ್ಬ ಇತ್ತು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗೋ ದಾರಿಯ ಒಂದು ಮಾಲ್‌ನಲ್ಲಿ, ಮೇಲಿನ ಮಹಡಿಯ ಮಕ್ಕಳ ಆಟದ ಜಾಗದಲ್ಲಿ. ಬಣ್ಣದ ಚೆಂಡು ತುಂಬಿದ ತೊಟ್ಟಿ, ಮೆತ್ತನೆ ಜಾರುಬಂಡೆ, ಹಗ್ಗದ ಏಣಿ, ಮೇಲೆ ಎಸಿ. ಮಗಳು ಎರಡು ಗಂಟೆ ಈಚೆಗೇ ಬರಲಿಲ್ಲ. ಅವಳ ಖುಷಿ ನೋಡಿ ನನಗೂ ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ.

ಹೊರಡುವಾಗ ಕೌಂಟರ್‌ನಲ್ಲಿ ರೇಟ್ ಕೇಳಿದೆ. ಎರಡು ಗಂಟೆಗೆ ಮಗುವಿಗೆ 850, ಜೊತೆಗೆ ಬರೋ ದೊಡ್ಡವರಿಗೆ 150, ಜಾರದಂಥ ಸಾಕ್ಸ್‌ಗೆ 60. ಒಟ್ಟು 1060 ರೂಪಾಯಿ. ನಮ್ಮ ಮನೆಯ ಎರಡು ವಾರದ ತರಕಾರಿ ದುಡ್ಡು. ಮಗಳು ಮಾತ್ರ ಮೆಟ್ಟಿಲಿಳಿಯುವಾಗಲೇ "ಮುಂದಿನ ಭಾನುವಾರಾನೂ ಬರೋಣ ಅಲ್ವಾಮ್ಮ" ಅಂದಳು.

ಅಲ್ಲಿ ಕೂತಿದ್ದ ಅಮ್ಮಂದಿರಿಗೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇದೆಯಂತೆ. ಆರ್‌.ಟಿ. ನಗರದಲ್ಲಿ ಯಾವ ಆಟದ ಮನೆ ಶುರುವಾಯ್ತು, ಯಶವಂತಪುರದಲ್ಲಿ ಎಲ್ಲಿ ಚಿಕ್ಕ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡ್ತಾರೆ, ಯಾವ ಡಾಕ್ಟರ್ ಒಳ್ಳೆಯವರು, ಎಲ್ಲ ಅದರಲ್ಲಿ ಗೊತ್ತಾಗುತ್ತೆ. ಒಬ್ಬರು ತುಂಬ ಪ್ರೀತಿಯಿಂದಲೇ "ನಿಮ್ಮನ್ನೂ ಸೇರಿಸ್ತೀನಿ, ಯಾವ ಅಪಾರ್ಟ್‌ಮೆಂಟ್ ನಿಮ್ಮದು?" ಅಂತ ಕೇಳಿದರು. ನಾನು ನಮ್ಮ ಕಾಲೋನಿ ಹೆಸರು ಹೇಳಿದೆ. ಅದರ ಹೆಸರಲ್ಲೇ ನಾವು ಯಾರು ಅಂತ ಇದೆ. "ಓ, ಹೌದಾ" ಅಂದರು. ಅಷ್ಟೇ. ನಂಬರ್ ತಗೊಳ್ಳೋದು ಮರೆತುಹೋಯ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಂಥ ಮರೆವು ನನಗೆ ಹೊಸದೂ ಅಲ್ಲ.

ಮನೆಗೆ ಬಂದಾಗ ಸಂಜೆ ಐದು. ನಮ್ಮ ಗಲ್ಲಿಯ ಕೊನೆಯ ಶೀಟಿನ ಮನೆಗೆ ಹೊರಗಿಂದ ಚಿಲಕ ಹಾಕಿತ್ತು. ಕಿಟಕಿ ಕಂಬಿ ಹಿಡಿದು ನಾಲ್ಕು ವರ್ಷದ ಹುಡುಗಿ ನಿಂತಿದ್ದಳು, ಹಿಂದೆ ಅವಳ ತಮ್ಮ. ಅವರಮ್ಮ ಇಂಥದ್ದೇ ಇನ್ನೊಂದು ಮಾಲ್‌ನಲ್ಲಿ ಹೌಸ್‌ಕೀಪಿಂಗ್. ಭಾನುವಾರವೇ ಅಲ್ಲಿ ಕೆಲಸ ಜಾಸ್ತಿ. ಅಪ್ಪ ಇಲ್ಲ. ಆ ಮಗು ನನ್ನ ಕೇಳಿತು, "ಆಂಟಿ, ಮಳೆ ನಿಂತ್ತಾ?"

ಒಂದೇ ಮಳೆ, ಒಂದೇ ಭಾನುವಾರ. ಇಬ್ಬರೂ ಮಕ್ಕಳು 'ಒಳಗೇ' ಇದ್ದರು. ಅವತ್ತಿಂದ ಈ 'ಒಳಗೆ' ಅನ್ನೋ ಮಾತು ನನ್ನ ತಲೆಯಿಂದ ಹೋಗ್ತಿಲ್ಲ.

'ಒಳಾಂಗಣ ಕ್ರೀಡೆ' ಅಂತ ಪೇಪರ್‌ನಲ್ಲಿ ಓದ್ತೀವಿ. ಒಳ ಮತ್ತು ಅಂಗಣ. ತೊಟ್ಟಿ ಮನೆ ಇದ್ದವರಿಗೆ ಒಳಾಂಗಣ ಇತ್ತು. ಮಳೆ ಬಂದರೆ ಜಗುಲಿ, ಪಡಸಾಲೆ, ಅಲ್ಲಿ ಚೌಕಾಬಾರ, ಅಳಗುಳಿಮಣೆ. ಕೇರಿಯ ಗುಡಿಸಲಿಗೆ ಒಳಾಂಗಣ ಎಲ್ಲಿಂದ ಬರಬೇಕು? ನಮ್ಮ ಮಕ್ಕಳು ಆಡಿದ್ದು ಬೀದಿಯಲ್ಲಿ, ಕೆರೆ ಏರಿ ಮೇಲೆ, ಹೊಲದಲ್ಲಿ. ಇದ್ದದ್ದೆಲ್ಲ ಬಯಲು. ಒಳಗೆ ಅನ್ನೋದು ಯಾವತ್ತೂ ಬೇರೆಯವರದ್ದು. ಗುಡಿ ಒಳಗೆ, ಹೋಟೆಲ್ ಒಳಗೆ, ಅವರ ಮನೆ ಒಳಗೆ. ನಮ್ಮ ಹೋರಾಟದ ಚರಿತ್ರೆಯನ್ನ ಒಂದೇ ಸಾಲಲ್ಲಿ ಹೇಳು ಅಂದರೆ ನಾನು 'ಒಳಗೆ ಹೋಗೋ ಹೋರಾಟ' ಅಂತೀನಿ.

ಬಾಬಾಸಾಹೇಬರ ಬಾಲ್ಯ ನಿಮಗೆಲ್ಲ ಗೊತ್ತಿರೋದೇ. ಸತಾರಾದ ಶಾಲೆಯಲ್ಲಿ ಅವರಿಗೆ ಕೂರೋಕೆ ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಸಂಜೆ ಅದನ್ನ ವಾಪಸ್ ತರಬೇಕಿತ್ತು, ಯಾಕಂದರೆ ಶಾಲೆಯ ಜವಾನ ಅದನ್ನ ಮುಟ್ಟುತ್ತಿರಲಿಲ್ಲ. ಜವಾನ ಇಲ್ಲದ ದಿನ ಕುಡಿಯೋಕೆ ನೀರೂ ಇಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲೂ ಪಂಚಮರ ಶಾಲೆ ಅಂತ ಬೇರೆಯೇ ಇದ್ದವು. 1910ರ ದಶಕದಲ್ಲಿ ಎಲ್ಲರಿಗೂ ಸರ್ಕಾರಿ ಶಾಲೆಯೊಳಗೆ ಪ್ರವೇಶ ಕೊಡಬೇಕು ಅಂತ ಸರ್ಕಾರ ಹೊರಟಾಗ ಮೇಲ್ಜಾತಿಯ ಜನ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದ ಉದಾಹರಣೆಗಳಿವೆ. ನಮ್ಮ ಮಗು ಒಳಗೆ ಬಂದರೆ ಅವರ ಮಗು ಹೊರಗೆ ಹೋಗುತ್ತೆ, ಅಷ್ಟೇ.

ಈಗ ಮಾಲ್‌ನಲ್ಲಿ ಯಾರೂ ಜಾತಿ ಕೇಳಲ್ಲ, 1060 ರೂಪಾಯಿ ಕೇಳ್ತಾರೆ. ಎರಡೂ ಒಂದೇ ಅಂತ ನಾನು ಹೇಳಲ್ಲ, ಒಂದೇ ಅಲ್ಲ. ಅವತ್ತು ದುಡ್ಡಿದ್ದರೂ ನಮ್ಮನ್ನ ಒಳಗೆ ಬಿಡ್ತಿರಲಿಲ್ಲ, ಇವತ್ತು ದುಡ್ಡಿದ್ದರೆ ಬಿಡ್ತಾರೆ. ಆದರೆ ಆ ದುಡ್ಡು ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಅನ್ನೋದನ್ನ ತೀರ್ಮಾನ ಮಾಡಿದ್ದು ಅದೇ ಹಳೇ ಚರಿತ್ರೆ. ಅಷ್ಟನ್ನಾದರೂ ಒಪ್ಪಿಕೊಳ್ಳಬೇಕು.

ಈಗ ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ, ಇಟಲಿಯ ರೋಮ್ ನಗರಕ್ಕೆ. ಅಲ್ಲಿ ಸಾನ್ ಲೊರೆಂಜೊ ಅಂತ ಕೂಲಿಕಾರರ ಬಡಾವಣೆ. ಒಂದು ಕಂಪನಿ ಅಲ್ಲಿನ ಹಳೇ ಕಟ್ಟಡಗಳನ್ನ ರಿಪೇರಿ ಮಾಡಿಸಿ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಬೆಳಗ್ಗೆ ಕೆಲಸಕ್ಕೆ ಹೋದರೆ ಶಾಲೆಗೆ ಹೋಗದ ಪುಟ್ಟ ಮಕ್ಕಳು ಇಡೀ ದಿನ ಒಂಟಿ. ಮೆಟ್ಟಿಲ ಮೇಲೆ ಆಡೋದು, ಗೋಡೆ ಗೀಚೋದು. ಕಟ್ಟಡ ಹಾಳಾಗುತ್ತೆ ಅಂತ ಮಾಲೀಕರಿಗೆ ಚಿಂತೆ. ಮಕ್ಕಳನ್ನ ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಂಡರೆ ಗೋಡೆ ರಿಪೇರಿ ಖರ್ಚು ಉಳಿಯುತ್ತೆ ಅಂತ ಲೆಕ್ಕ ಹಾಕಿ, ಒಬ್ಬ ಡಾಕ್ಟರಮ್ಮನಿಗೆ ಆ ಕೆಲಸ ಒಪ್ಪಿಸಿದರು. 1907ರ ಜನವರಿ 6ರಂದು ಆ ಕೋಣೆ ಶುರುವಾಯ್ತು. ಅದರ ಹೆಸರು 'ಮಕ್ಕಳ ಮನೆ'. ಆ ಡಾಕ್ಟರಮ್ಮನ ಹೆಸರು ಮರಿಯಾ ಮಾಂಟೆಸ್ಸರಿ.

ಹೌದು, ಅದೇ ಮಾಂಟೆಸ್ಸರಿ. ಇವತ್ತು ನಮ್ಮ ಉತ್ತರ ಬೆಂಗಳೂರಿನ ಯಾವ ರಸ್ತೆಯಲ್ಲಿ ನೋಡಿದರೂ ಆ ಹೆಸರಿನ ಬೋರ್ಡ್, ಫೀಸ್ ಲಕ್ಷದ ಲೆಕ್ಕದಲ್ಲಿ. ಅದು ಹುಟ್ಟಿದ್ದು ಕೂಲಿಯವರ ಮಕ್ಕಳಿಗಾಗಿ, ಚಿಲಕದ ಹಿಂದೆ ಉಳಿದುಹೋಗ್ತಿದ್ದಂಥ ಮಕ್ಕಳಿಗಾಗಿ. ಆ ಮಕ್ಕಳಿಗೆ ಕೊಟ್ಟಿದ್ದು ಏನು? ಅವರ ಎತ್ತರಕ್ಕೆ ತಕ್ಕ ಮೇಜು ಕುರ್ಚಿ, ಕೈಗೆಟುಕುವ ಆಟದ ಸಾಮಾನು, ಮತ್ತು ಇದು ನಿಮ್ಮ ಮನೆ ಅನ್ನೋ ಭಾವನೆ. ದಂಗುಬಡಿದವರಂತೆ ಬಂದ ಮಕ್ಕಳು ಕೆಲವೇ ತಿಂಗಳಲ್ಲಿ ಬೇರೆಯೇ ಆದರು. ಅದನ್ನ ನೋಡೋಕೆ ಬೇರೆ ಬೇರೆ ದೇಶಗಳಿಂದ ಜನ ಬಂದರು. ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು ಯುದ್ಧ ಮುಗಿಯೋವರೆಗೂ ನಮ್ಮ ದೇಶದಲ್ಲೇ ಇದ್ದರು, ಸಾವಿರಕ್ಕೂ ಹೆಚ್ಚು ಟೀಚರ್‌ಗಳಿಗೆ ತರಬೇತಿ ಕೊಟ್ಟರು.

ನಮ್ಮ ದೇಶದಲ್ಲಿ ಅದೇ ಯೋಚನೆಯನ್ನ ಬಡವರ ಹತ್ತಿರ ಒಯ್ದವರಲ್ಲಿ ದೊಡ್ಡ ಹೆಸರು ತಾರಾಬಾಯಿ ಮೋಡಕ್. ಅವರ ಜೊತೆ ಅನುತಾಯಿ ವಾಘ್. 1945ರಲ್ಲಿ ಮುಂಬೈ ಉತ್ತರಕ್ಕಿರೋ ಬೋರ್ಡಿ ಅನ್ನೋ ಹಳ್ಳಿಯಲ್ಲಿ ಕೆಲಸ ಶುರುಮಾಡಿದರು. ದುಬಾರಿ ಆಟಿಕೆ ಬದಲು ಕಲ್ಲು, ಚಿಪ್ಪು, ಎಲೆ, ಬೀಜ. ಊರ ಮಧ್ಯೆ ಬಾಲವಾಡಿ ಮಾಡಿದರೆ ಎಲ್ಲ ಮಕ್ಕಳೂ ಬರಲ್ಲ ಅಂತ ಅವರಿಗೆ ಬೇಗ ಗೊತ್ತಾಯ್ತು. ಬರಲಾಗದ ಮಕ್ಕಳು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಆಗ ಅವರು ಬಾಲವಾಡಿಯನ್ನೇ ಎತ್ತಿಕೊಂಡು ಆ ಮಕ್ಕಳ ವಠಾರಕ್ಕೆ, ಮನೆಯ ಅಂಗಳಕ್ಕೆ ಹೋದರು, ಆ ಮಕ್ಕಳಿಗೆ ಅನುಕೂಲವಾದ ಹೊತ್ತಿನಲ್ಲಿ. ಅಂಗಣದ ಬಾಲವಾಡಿ. ಇವತ್ತು ನಾವು ದಿನಾ ಹೇಳೋ 'ಅಂಗನವಾಡಿ' ಪದದ ಒಳಗೆ ಇರೋದು ಆ ಅಂಗಳ. ಮಗು ಒಳಗೆ ಬರಲಾಗದಿದ್ದರೆ ಶಾಲೆಯೇ ಹೊರಗೆ ಬರಬೇಕು ಅನ್ನೋ ತಿಳುವಳಿಕೆ ಆ ಪದದಲ್ಲಿದೆ.

ಬೆಂಗಳೂರಲ್ಲೂ ಮಕ್ಕಳಿಗಾಗಿ ಜಾಗ ಮಾಡಿದವರು ಇದ್ದರು. 'ಸರಸ್ವತಿ' ಪತ್ರಿಕೆ ನಡೆಸ್ತಿದ್ದ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಸಣ್ಣ ವಯಸ್ಸಿಗೇ ವಿಧವೆಯಾದ ಹೆಣ್ಣುಮಗಳು ಮಾಡಿದ ಆ ಕೆಲಸಕ್ಕೆ ನನ್ನ ನಮಸ್ಕಾರ. ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಬಂತು, ಪುಟಾಣಿ ರೈಲು ಬಂತು. ನಾನು ಚಿಕ್ಕವಳಿದ್ದಾಗ ಆ ರೈಲು ಹತ್ತೋದು ಅಂದರೆ ವರ್ಷಕ್ಕೊಂದು ಸಲದ ಜಾತ್ರೆ. ಎರಡು ಬಸ್ ಬದಲಾಯಿಸಿ ಹೋಗಬೇಕಿತ್ತು. ಎಲ್ಲ ದಕ್ಷಿಣಕ್ಕೆ, ಇಲ್ಲಾ ನಗರದ ನಡುವೆ. ಹೆಬ್ಬಾಳದಿಂದ ಈಚೆಗೆ ಏನಿತ್ತು? ಕೃಷಿ ವಿಶ್ವವಿದ್ಯಾಲಯದ ಹೊಲ, ಏರ್‌ಫೋರ್ಸ್, 80ರ ದಶಕದಲ್ಲಿ ರೈಲ್ವೆ ಗಾಲಿ ಕಾರ್ಖಾನೆ, ಹೌಸಿಂಗ್ ಬೋರ್ಡಿನ ಯಲಹಂಕ ಉಪನಗರ. ಆರ್‌.ಟಿ. ನಗರ ಅಂದರೆ ರವೀಂದ್ರನಾಥ ಟ್ಯಾಗೋರ್ ನಗರ. 1901ರಲ್ಲೇ ಶಾಂತಿನಿಕೇತನದ ಮರದ ಕೆಳಗೆ ಮಕ್ಕಳ ಶಾಲೆ ತೆರೆದವರ ಹೆಸರು ಅದಕ್ಕೆ. ಅದರ ಪಕ್ಕದ ದೇವರಜೀವನಹಳ್ಳಿಯ ಗಲ್ಲಿಗಳಲ್ಲಿ ಮಕ್ಕಳು ಎಲ್ಲಿ ಆಡ್ತಾರೆ ಅಂತ ಒಂದು ಸಲ ಹೋಗಿ ನೋಡಿ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಆಮೇಲೆ ನಮ್ಮ ಕಡೆಗೂ ಬಂತು. ಇಲ್ಲಿಂದ ನಮ್ಮ ಮನೆಯ ಕತೆಯೂ ಅದರ ಜೊತೆ ಸೇರಿಕೊಳ್ಳುತ್ತೆ, ಯಾಕಂದರೆ ನಮ್ಮಮ್ಮ ಅಂಗನವಾಡಿ ಸಹಾಯಕಿ ಆಗಿದ್ದಳು.

ಅಮ್ಮ ಸೇರಿದ್ದು 1986ರಲ್ಲಿ. ಯೋಜನೆ ಶುರುವಾದಾಗ ಸಹಾಯಕಿಗೆ ತಿಂಗಳಿಗೆ 35 ರೂಪಾಯಿ ಇತ್ತು, ಅಮ್ಮನ ಹೊತ್ತಿಗೆ 110 ಆಗಿತ್ತು. ಅದಕ್ಕೆ ಸಂಬಳ ಅನ್ನಂಗಿಲ್ಲ, ಗೌರವಧನ. ಬೆಳಗ್ಗೆ ಹೋಗಿ ಕಸ ಗುಡಿಸಿ, ನೀರು ಹೊತ್ತು, ಮನೆಮನೆಗೆ ಹೋಗಿ ಮಕ್ಕಳನ್ನ ಕರ್ಕೊಂಡು ಬಂದು, ಉಪ್ಪಿಟ್ಟು ಮಾಡಿ ಬಡಿಸಬೇಕು. ಮೊದಲ ತಿಂಗಳು ಊರೊಳಗಿನ ಕೆಲವು ಮನೆಯವರು ಮಕ್ಕಳಿಗೆ "ಅಲ್ಲಿ ಹಾಡು ಹೇಳ್ಕೊಂಡು ಬಾ, ತಿನ್ನಬೇಡ" ಅಂತ ಹೇಳಿ ಕಳಿಸಿದರು. ಮಕ್ಕಳು ತಟ್ಟೆ ಮುಂದೆ ಇಟ್ಟುಕೊಂಡು ಸುಮ್ಮನೆ ಕೂರ್ತಿದ್ದವು. ಅಮ್ಮ ಮನೆಗೆ ಬಂದು ಏನೂ ಹೇಳ್ತಿರಲಿಲ್ಲ, ಉಳಿದ ಉಪ್ಪಿಟ್ಟಿನ ಲೆಕ್ಕ ಮಾತ್ರ ಹೇಳೋಳು.

ಆ ಅಂಗನವಾಡಿಯ ಟೀಚರಮ್ಮ ನಮ್ಮವರಲ್ಲ. ಒಂದು ದಿನ ಅವರು ಮಕ್ಕಳ ಸಾಲಿನಲ್ಲೇ ಕೂತು, ಅಮ್ಮನ ಕೈಲಿ ಬಡಿಸಿಕೊಂಡು ಮೊದಲ ತುತ್ತು ತಾವೇ ತಿಂದರು. ಮಾರನೇ ದಿನವೂ, ಅದರ ಮಾರನೇ ದಿನವೂ. ಭಾಷಣ ಮಾಡಲಿಲ್ಲ. ಒಂದು ವಾರಕ್ಕೆ ಎರಡು ಮಕ್ಕಳು ತಿಂದವು, ತಿಂಗಳಿಗೆ ಎಲ್ಲರೂ. ನಾನು ಆ ಕೋಣೆಯಲ್ಲೇ ಬೆಳೆದವಳು. ಹತ್ತು ಅಡಿ ಅಗಲದ ಆ ಕೋಣೆ ಸುತ್ತಮುತ್ತಲಲ್ಲಿ ನಾನು ಬೇರೆ ಜಾತಿಯ ಮಕ್ಕಳ ಕೈ ಹಿಡಿದು ಆಡಿದ ಮೊದಲ 'ಒಳಗೆ'. ಅಂಗನವಾಡಿ ಅಂದರೆ ಗಂಜಿಕೇಂದ್ರ ಅಂತ ಹಗುರವಾಗಿ ಮಾತಾಡೋರಿಗೆ ನಾನು ಇದನ್ನೇ ಹೇಳೋದು.

ಇನ್ನೊಂದು 'ಒಳಗೆ' ಇತ್ತು, ಅದನ್ನ ನಾವು ಮರೆತೇಬಿಟ್ಟಿದ್ದೀವಿ. 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಗಾಳಿ ಬೆಳಕಿನ ಒಂದು ಕೋಣೆ ಇರಲೇಬೇಕಿತ್ತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ನಮ್ಮ ಹೆಣ್ಣುಮಕ್ಕಳಿಗೆ ಈ ಕಾನೂನು ಬಾಯಿಪಾಠ ಇರಬೇಕಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೂ ಅಷ್ಟೇ, 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಕೋಣೆ ಇರಬೇಕಿತ್ತು.

ಈಗ ಸಂಪಿಗೆ ರಸ್ತೆಯ ಮಂತ್ರಿ ಸ್ಕ್ವೇರ್ ಮಾಲ್ ನೋಡಿ, 2010ರಲ್ಲಿ ತೆರೆದದ್ದು. ಅದು ನಿಂತಿರೋದು ಹಳೇ ರಾಜಾ ಮಿಲ್ ಜಾಗದಲ್ಲಿ. ಯಶವಂತಪುರದ ಹತ್ತಿರದ ಒರಾಯನ್ ಮಾಲ್ 2012ರಲ್ಲಿ ಬಂತು. ಅದು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗ. ಕಾರ್ಖಾನೆ ಅಂದರೆ ಕೂಲಿಯವಳ ಮಗುವಿಗೆ ಒಂದು ಕೋಣೆ ಕೊಡಬೇಕು ಅಂತ ಕಾನೂನು ಹೇಳ್ತಿತ್ತು, ಎಷ್ಟು ಕಡೆ ಕೊಟ್ಟರೋ ಬಿಟ್ಟರೋ, ಕಾಗದದ ಮೇಲಂತೂ ಅದು ಹಕ್ಕು. ಕಾರ್ಖಾನೆ ಹೋಗಿ ಮಾಲ್ ಬಂದಾಗ ಮಗುವಿನ ಕೋಣೆ ಗಂಟೆ ಲೆಕ್ಕದಲ್ಲಿ ಮಾರೋ ಸರಕಾಯ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ ಬಂತು. ಗುತ್ತಿಗೆಯಲ್ಲಿ ನೆಲ ಒರೆಸೋಳು ಈ ಕಾನೂನು ಹಿಡಿದು ಯಾರ ಹತ್ತಿರ ಹೋಗಬೇಕು? ಆಟದ ಜಾಗದ ಗಾಜು ಒರೆಸೋಳ ಮಕ್ಕಳು ಮನೆಯಲ್ಲಿ ಚಿಲಕದ ಹಿಂದೆ ಇರ್ತವೆ.

ಸಂವಿಧಾನದ ವಿಚಾರಕ್ಕೆ ಬರ್ತೀನಿ. ಇದನ್ನ ನಮ್ಮ ಸಭೆಗಳಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಮೂಲ ಸಂವಿಧಾನದ 45ನೇ ವಿಧಿಯಲ್ಲಿ, ಎಲ್ಲ ಮಕ್ಕಳಿಗೂ 14 ವರ್ಷ ತುಂಬೋವರೆಗೆ ಉಚಿತ, ಕಡ್ಡಾಯ ಶಿಕ್ಷಣ ಅಂತಿತ್ತು. ಎಷ್ಟನೇ ವಯಸ್ಸಿಂದ ಅಂತ ಇರಲಿಲ್ಲ. ಅಂದರೆ ಹುಟ್ಟಿದ ಮಗುವೂ ಅದರಲ್ಲಿ ಸೇರಿತ್ತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ 14 ವರ್ಷದವರೆಗಿನ ಶಿಕ್ಷಣವನ್ನ ಮೂಲಭೂತ ಹಕ್ಕು ಅಂತು. ಆಮೇಲೆ 2002ರಲ್ಲಿ 86ನೇ ತಿದ್ದುಪಡಿ ಬಂತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಹೊಸ 21ಎ ವಿಧಿಯಲ್ಲಿ ಹಕ್ಕು 6ರಿಂದ 14 ವರ್ಷಕ್ಕೆ. ಆರರ ಕೆಳಗಿನ ಮಕ್ಕಳನ್ನ 45ನೇ ವಿಧಿಗೆ ತಳ್ಳಿ, ಅವರ ಪಾಲನೆ ಶಿಕ್ಷಣಕ್ಕೆ ಸರ್ಕಾರ ಪ್ರಯತ್ನ ಪಡಬೇಕು ಅಂತ ಬರೆದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಈ ಪುಟ್ಟ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಅಂತಿದೆ. ಮಾಡಬೇಕು ಅಂತಿಲ್ಲ. ನಾನು ಗುಮಾಸ್ತಿ, ಇಪ್ಪತ್ತು ವರ್ಷದಿಂದ ಫೈಲ್ ನೋಡಿದವಳು. 'ಬಹುದು' ಮತ್ತು 'ತಕ್ಕದ್ದು' ನಡುವೆ ಎಷ್ಟು ಜನರ ಜೀವನ ಕಳೆದುಹೋಗುತ್ತೆ ಅಂತ ನನಗೆ ಗೊತ್ತು.

ನಮ್ಮ ಚಳವಳಿಯೂ ಇಲ್ಲಿ ತಪ್ಪಿದೆ, ಹೇಳಲೇಬೇಕು. ನಾವು ಶಾಲೆ ಕೇಳಿದೆವು, ಹಾಸ್ಟೆಲ್ ಕೇಳಿದೆವು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇಲ್ಲದಿದ್ದರೆ ಎಷ್ಟು ಹುಡುಗರು ಓದು ಬಿಡ್ತಿದ್ದರೋ. ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿಯಿತು. ಎಲ್ಲ ಸರಿ, ಎಲ್ಲ ಬೇಕಿತ್ತು. ಆದರೆ ಆರರ ಕೆಳಗಿನ ಮಗು? ಅದು ಅಮ್ಮನ ಸೊಂಟದಲ್ಲಿ ಇರುತ್ತೆ ಅಂತ ಅಂದುಕೊಂಡೆವು. ಸಭೆಯಲ್ಲಿ ಮಗು ಅತ್ತರೆ ತಾಯಿ ಎದ್ದು ಹೊರಗೆ ಹೋಗ್ತಿದ್ದಳು. ನಾನೂ ಹಾಗೆ ಎಷ್ಟು ಸಲ ಹೊರಗೆ ನಿಂತು ಅರ್ಧ ಭಾಷಣ ಕೇಳಿದ್ದೀನಿ. ಸಮಾನತೆಯ ಸಭೆಯಲ್ಲೂ ಒಳಗೆ ಗಂಡಸರು, ಹೊರಗೆ ಮಗು ಎತ್ತಿಕೊಂಡ ಹೆಂಗಸರು.

ಈ ಪುಟ್ಟ ಮಕ್ಕಳ ಪರವಾಗಿ ಕೋರ್ಟ್ ಮೆಟ್ಟಿಲು ಹತ್ತಿದ್ದು 2001ರ ಪಿಯುಸಿಎಲ್ ಕೇಸು, ಆಹಾರದ ಹಕ್ಕಿನ ಕೇಸು. ಶಾಲೆಯ ಬಿಸಿಯೂಟ ದೇಶಕ್ಕೆಲ್ಲ ಬಂದದ್ದು ಅದರಿಂದಲೇ ಅಂತ ಎಲ್ಲರಿಗೂ ಗೊತ್ತು. ಅಂಗನವಾಡಿ ವಿಚಾರ ಕಡಿಮೆ ಜನಕ್ಕೆ ಗೊತ್ತು. 2004ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಪರಿಶಿಷ್ಟರ ಕೇರಿಗಳಲ್ಲಿ ಆದಷ್ಟು ಬೇಗ ಅಂಗನವಾಡಿ ತೆರೆಯಿರಿ ಅಂತು. 2006ರ ಡಿಸೆಂಬರ್ 13ರಂದು ಇನ್ನೂ ಬಿಗಿಯಾಗಿ ಹೇಳಿತು: ದೇಶದಲ್ಲಿ 14 ಲಕ್ಷ ಅಂಗನವಾಡಿ ಆಗಬೇಕು, ಅದರಲ್ಲಿ ಪರಿಶಿಷ್ಟರ ಕೇರಿಗಳಿಗೆ ಆದ್ಯತೆ, ಹಳ್ಳಿಯಾಗಲಿ ಕೊಳೆಗೇರಿಯಾಗಲಿ, ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಬೇಡಿಕೆ ಮೇರೆಗೆ ಅಂಗನವಾಡಿ. ಈ ಆದೇಶ ಬಂದಾಗ ನಾನು ಸಂಘಟನೆಯಲ್ಲಿದ್ದೆ. ಒಂದು ಸಲವೂ ನಾವು ಮಕ್ಕಳನ್ನ ಎಣಿಸಲಿಲ್ಲ.

ಬೀದಿಗಿಳಿದವರು ಅಂಗನವಾಡಿ ಅಮ್ಮಂದಿರೇ. 2017ರ ಮಾರ್ಚ್‌ನಲ್ಲಿ ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಜನ ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕ್ ಹತ್ತಿರ ರಸ್ತೆಯಲ್ಲೇ ಕೂತರು, ಹಗಲು ರಾತ್ರಿ. ಆ ಡಾಂಬರು ರಸ್ತೆ ಮೇಲೆ ಮಲಗಿದ್ದವರಲ್ಲಿ ನಮ್ಮಮ್ಮನ ವಯಸ್ಸಿನವರಿದ್ದರು. ನಾನು ಆಫೀಸ್ ಮುಗಿಸಿ ಬ್ರೆಡ್ಡು, ನೀರು ಒಯ್ದಿದ್ದೆ. 2022ರ ಏಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಮ್ಮ ಆಗಲೇ ನಿವೃತ್ತಿಯಾಗಿ ವರ್ಷಗಳಾಗಿತ್ತು. ಟಿವಿಯಲ್ಲಿ ಸುದ್ದಿ ನೋಡಿ "ಮುಂದಿನೋರಿಗಾದ್ರೂ ಆಯ್ತಲ್ಲ ಬಿಡು" ಅಂದಳು.

ಈಗ ನಮ್ಮ ಭಾಗದ ಸ್ಥಿತಿ. ಅಂಗನವಾಡಿ ಕಟ್ಟಡ ಕನಿಷ್ಠ 600 ಚದರ ಅಡಿ ಇರಬೇಕು ಅನ್ನೋದು ಯೋಜನೆಯ ನಿಯಮ. ಬಾಡಿಗೆ ಕೋಣೆಯಾದರೆ ಮಹಾನಗರದಲ್ಲಿ ತಿಂಗಳಿಗೆ 6000 ರೂಪಾಯಿವರೆಗೆ ಅಂತ 2018ರ ಕೇಂದ್ರದ ಲೆಕ್ಕ. ಯಲಹಂಕದಲ್ಲಿ 6000ಕ್ಕೆ 600 ಅಡಿ ಯಾರು ಕೊಡ್ತಾರೆ? ಆ ಮಾಲ್‌ನಲ್ಲಿ ಏಳು ಮಕ್ಕಳು ಎರಡು ಗಂಟೆ ಆಡಿದರೆ ಅಷ್ಟು ದುಡ್ಡು. ಹಾಗಾಗಿ ಅಂಗಳದ ಹೆಸರಿಟ್ಟುಕೊಂಡ ಅಂಗನವಾಡಿಗೆ ಅಂಗಳವೇ ಇಲ್ಲ. ನಮ್ಮ ಕಾಲೋನಿಗೆ ಹತ್ತಿರದ ಕೇಂದ್ರ ಮುಖ್ಯರಸ್ತೆಯ ಆಚೆ ಇದೆ. ಎರಡು ವರ್ಷದ ಮಗುವನ್ನ ಆ ಟ್ರಾಫಿಕ್ ದಾಟಿಸೋರು ಯಾರು? ಅಮ್ಮ ಆರೂವರೆಗೇ ಗಾರ್ಮೆಂಟ್ಸ್ ಗಾಡಿ ಹತ್ತಿರ್ತಾಳೆ.

ಸರ್ಕಾರ ಏನೂ ಮಾಡ್ತಿಲ್ಲ ಅಂತ ನಾನು ಹೇಳಲ್ಲ. 2023ರ ಬಜೆಟ್‌ನಲ್ಲಿ ಹಳ್ಳಿಗಳಿಗೆ 'ಕೂಸಿನ ಮನೆ' ಬಂತು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ, 4000 ಗ್ರಾಮ ಪಂಚಾಯ್ತಿಗಳಲ್ಲಿ. ಒಳ್ಳೆ ಕೆಲಸ. ನಗರದ ಕೂಲಿಯವಳ ಕೂಸಿಗೂ ಒಂದು ಮನೆ ಬೇಕಲ್ಲ? 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಅಂತ ಬೋರ್ಡ್ ಬಂತು. ನನಗೆ ನಗುವೂ ಬಂತು, ಖುಷಿಯೂ ಆಯ್ತು. ಮಾಂಟೆಸ್ಸರಿ ಕೊನೆಗೂ ಕೂಲಿಯವರ ಕೇರಿಗೆ ವಾಪಸ್ ಬಂದಳು, 117 ವರ್ಷ ಸುತ್ತಿಕೊಂಡು.

ಈಗ ಅಸಲಿ ವಿಷಯ. ನಮ್ಮ ಕಾಲೋನಿಯಲ್ಲಿ ಒಂದು ಸಮುದಾಯ ಭವನ ಇದೆ. ಬಾಬಾಸಾಹೇಬರ ಹೆಸರಿನದ್ದು. ಹಾಲ್, ಫ್ಯಾನ್, ಎರಡು ಶೌಚಾಲಯ, ಹಿಂದೆ ಒಂದು ಅಡುಗೆ ಕೋಣೆ. ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ, ನಡುವೆ ಮದುವೆ ನಾಮಕರಣಕ್ಕೆ ತೆಗೀತಾರೆ. ಉಳಿದ ದಿನ ಬೀಗ. ಅದರ ಎದುರಿನ ಗಲ್ಲಿಯಲ್ಲೇ ಚಿಲಕ ಹಾಕಿದ ಮನೆಗಳಲ್ಲಿ ಮಕ್ಕಳು.

ಭಾನುವಾರ ರಾತ್ರಿಯೇ ನಾವು ನಾಲ್ಕು ಜನ ಹೆಂಗಸರು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆವು. ನಾಲ್ಕು ಗಲ್ಲಿಯಲ್ಲಿ ಆರು ವರ್ಷದೊಳಗಿನ ಮಕ್ಕಳು 53. ಅದರಲ್ಲಿ 11 ಮಕ್ಕಳು ಹಗಲು ಹೊತ್ತು ದೊಡ್ಡವರಿಲ್ಲದೆ ಇರ್ತವೆ. ಇನ್ನು ಕೆಲವನ್ನ ನೋಡಿಕೊಳ್ಳೋಕೆ ಅಕ್ಕ ಶಾಲೆ ಬಿಟ್ಟಿದ್ದಾಳೆ. ಅಂದರೆ ಒಂದು ಮಗುವಿಗೆ ಜಾಗ ಇಲ್ಲ ಅಂತ ಎರಡು ಮಕ್ಕಳ ಬದುಕು ಹೋಗ್ತಿದೆ.

ಸೋಮವಾರ ಭವನದ ಬೀಗದ ಕೈ ಇಟ್ಟುಕೊಂಡಿರೋ ನಮ್ಮ ಹಿರಿಯರ ಹತ್ತಿರ ಹೋಗಿ ಕೇಳಿದೆ: "ಅಣ್ಣ, ಬೆಳಗ್ಗೆ ಏಳರಿಂದ ಸಂಜೆ ಆರರ ತನಕ ಮಕ್ಕಳಿಗೆ ಬಿಟ್ಟುಕೊಡಿ. ಸ್ತ್ರೀಶಕ್ತಿ ಸಂಘದವರು ಸರದಿ ಪ್ರಕಾರ ನೋಡ್ಕೋತೀವಿ." ಅಣ್ಣ ಕೆಟ್ಟವರಲ್ಲ. ಈ ಕಾಲೋನಿಗೆ ನೀರು ತರಿಸೋಕೆ ಪೊಲೀಸ್ ಏಟು ತಿಂದವರು. ಅವರು ಹೇಳಿದ್ದು, "ನೋಡಮ್ಮ, ಈಗ ತಾನೇ ಪೇಂಟ್ ಮಾಡ್ಸಿದೀವಿ. ಮಕ್ಕಳು ಗೋಡೆ ಹಾಳು ಮಾಡ್ತವೆ."

ನನಗೆ ತಕ್ಷಣ ನೆನಪಾದದ್ದು ರೋಮ್. 1907ರಲ್ಲಿ ಆ ಕಟ್ಟಡದ ಮಾಲೀಕರು ಹೇಳಿದ್ದೂ ಇದನ್ನೇ. ಗೋಡೆ ಹಾಳಾಗುತ್ತೆ ಅಂತ. ಆದರೆ ಆ ವ್ಯಾಪಾರಿಗಳಿಗೂ ಹೊಳೆದ ಬುದ್ಧಿ ಏನು? ಗೋಡೆ ಉಳಿಯಬೇಕಾದರೆ ಮಕ್ಕಳಿಗೆ ಒಂದು ಕೋಣೆ ಕೊಡಬೇಕು ಅಂತ. ಅಣ್ಣನಿಗೆ ಈ ಕತೆ ಪೂರ್ತಿ ಹೇಳಿದೆ. ಸುಮ್ಮನೆ ಕೇಳಿದರು. "ಕಮಿಟಿಯಲ್ಲಿ ಇಡೋಣ" ಅಂದರು. ಕಮಿಟಿ ಬರೋ ಭಾನುವಾರ.

ಅದಕ್ಕೇ ಈ ಪೋಸ್ಟ್. ಮೂರು ಕೆಲಸ ಇದೆ.

ಒಂದು, ಭಾನುವಾರ ಹತ್ತೂವರೆಗೆ ಕಮಿಟಿ ಸಭೆಗೆ ಹತ್ತಿರದವರು ಬನ್ನಿ. ಮಕ್ಕಳನ್ನ ಕರ್ಕೊಂಡೇ ಬನ್ನಿ. ಈ ಸಲ ಮಗು ಅತ್ತರೆ ಯಾರೂ ಎದ್ದು ಹೊರಗೆ ಹೋಗಬೇಡಿ. ಒಂದು ಜಮಖಾನ ನಾನು ಹಾಸ್ತೀನಿ.

ಎರಡು, ಬೇಡಿಕೆ ಮೇರೆಗೆ ಅಂಗನವಾಡಿಗೆ ಅರ್ಜಿ ಬರೆದಿದ್ದೀನಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. 53 ಮಕ್ಕಳ ಹೆಸರು, ವಯಸ್ಸು, ತಾಯಿಯ ಸಹಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಈಚೆಗೆ ಬರಲ್ಲ. ನಿಮ್ಮ ಕೇರಿಯಲ್ಲೂ ಎಣಿಸಿ. ಒಂದು ನೋಟ್‌ಬುಕ್, ಒಂದು ಸಂಜೆ ಸಾಕು. 40 ದಾಟಿದರೆ ನನಗೆ ಮೆಸೇಜ್ ಮಾಡಿ, ಅರ್ಜಿ ನಮೂನೆ ಕಳಿಸ್ತೀನಿ. ದಿನಾಂಕ ಬರೆದಿಟ್ಟುಕೊಳ್ಳಿ, ಮೂರು ತಿಂಗಳು ಎಣಿಸಬೇಕಲ್ಲ.

ಮೂರು, 2013ರ ನಮ್ಮ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ, ಆ 24.10 ಪರ್ಸೆಂಟ್. ಅದರಲ್ಲಿ ಚರಂಡಿ, ಕಾಂಕ್ರೀಟ್ ರಸ್ತೆ, ಭವನಕ್ಕೆ ಗೇಟು ಆಗಿದೆ. ಮಕ್ಕಳ ಮೆತ್ತನೆ ಹಾಸು, ಪುಟ್ಟ ಕುರ್ಚಿ, ನೋಡಿಕೊಳ್ಳೋ ಇಬ್ಬರಿಗೆ ಮರ್ಯಾದೆಯ ಸಂಬಳ ಯಾಕಾಗಬಾರದು? 2025ರ ಸೆಪ್ಟೆಂಬರ್‌ನಿಂದ ನಮಗೆ ಬೆಂಗಳೂರು ಉತ್ತರ ನಗರ ಪಾಲಿಕೆ ಅಂತ ಬೇರೆಯೇ ಆಗಿದೆ. ಹೊಸ ಪಾಲಿಕೆಯ ಬಜೆಟ್‌ಗೆ ಈ ಬೇಡಿಕೆ ಈಗಲೇ ಹೋಗಬೇಕು. ಕಾಂಕ್ರೀಟ್‌ನವರು ಹೇಗೂ ಮೊದಲೇ ಹೋಗಿರ್ತಾರೆ.

ಮಾಲ್‌ನಲ್ಲಿ ನನ್ನ ನಂಬರ್ ತಗೊಳ್ಳದ ಆ ತಾಯಿಯೂ ಒಂದು ರೀತಿಯಲ್ಲಿ ಒಂಟಿಯೇ. ಹದಿನಾಲ್ಕನೇ ಮಹಡಿಯಲ್ಲಿ ಮಗು ಜೊತೆ ಕೂತು ಎಲ್ಲಿ ಹೋಗಲಿ ಅಂತ ಗ್ರೂಪ್‌ನಲ್ಲಿ ಕೇಳ್ತಿರ್ತಾರೆ. ನಾಳೆ ನಮ್ಮ ಭವನ ತೆರೆದರೆ, ಅವರ ಮಗುವಿಗೂ ನಮ್ಮ ಜಮಖಾನದ ಮೇಲೆ ಜಾಗ ಇದೆ. ಯಾವ ಅಪಾರ್ಟ್‌ಮೆಂಟ್ ಅಂತ ನಾವು ಕೇಳಲ್ಲ. ನಮ್ಮಮ್ಮನ ಅಂಗನವಾಡಿಯಲ್ಲಿ ನಾನು ಕಲಿತದ್ದು ಅದನ್ನೇ.

ನಿನ್ನೆಯೂ ಮಳೆ. ಆ ಇಬ್ಬರು ಮಕ್ಕಳನ್ನ ಸದ್ಯಕ್ಕೆ ನಮ್ಮ ಮನೆಯಲ್ಲಿ ಬಿಡು ಅಂತ ಅವರಮ್ಮನಿಗೆ ಹೇಳಿದ್ದೀನಿ. ನಮ್ಮಮ್ಮ ನೋಡ್ಕೋತಾಳೆ. ಎಪ್ಪತ್ತು ದಾಟಿದೆ, ಮಂಡಿನೋವು. ಆದರೂ ಬೆಳಗ್ಗೆ ಎದ್ದು ಉಪ್ಪಿಟ್ಟು ಮಾಡಿ ಸಾಲಾಗಿ ಮೂರು ತಟ್ಟೆ ಇಟ್ಟಿದ್ದಳು. ಆದರೆ ನಮ್ಮ ಮನೆಯಲ್ಲಿ 53 ಮಕ್ಕಳು ಹಿಡಿಸಲ್ಲ. ಭವನದಲ್ಲಿ ಹಿಡಿಸ್ತವೆ.

ಭಾನುವಾರ, ಹತ್ತೂವರೆ. ಬನ್ನಿ.

ಜೈ ಭೀಮ್.